ಉಪ್ಪುನೀರಿನ ಮೀನಿಗೆ ಕಾಯಿಲೆ ಬಂದರೆ ನಾನು ಮೊದಲು ಎಣಿಸೋದು ಉಸಿರು

ಅವತ್ತು ಭಾನುವಾರ. ದಿನಾ ಬೆಳಿಗ್ಗೆ ಟ್ಯಾಂಕಿನ ಲೈಟ್ ಹಾಕಿದ ಕೂಡಲೇ ಐದೂ ಮೀನು ಗಾಜಿನ ಹತ್ತಿರ ಬಂದು ನಿಲ್ಲುತ್ತಿದ್ದವು. ಅವತ್ತು ಮೂರೇ ಬಂದವು. ಹೊಸದಾಗಿ ತಂದಿದ್ದ ಏಂಜೆಲ್ ಮೀನು ಕಲ್ಲಿನ ಹಿಂದೆ ಕತ್ತಲಲ್ಲಿ ಸೇರಿಕೊಂಡಿತ್ತು. ಎರಡು ಕ್ಲೌನ್ ಮೀನುಗಳಲ್ಲಿ ಒಂದು ವೇವ್ ಮೇಕರ್ (ನೀರನ್ನು ಅಲೆಯಾಡಿಸುವ ಮೋಟರ್) ಬಾಯಿಗೆ ಮುಖ ಕೊಟ್ಟು, ನೀರಿನ ರಭಸದಲ್ಲೇ ಈಜುತ್ತಾ ನಿಂತಿತ್ತು. "ರೀ, ಅದು ಯಾಕೆ ಮೋಟರ್ ಬಿಟ್ಟು ಬರ್ತಾನೇ ಇಲ್ಲ?" ಅಂತ ಹೆಂಡತಿ ಕೇಳಿದಳು. ಆಡ್ತಿದೆ ಬಿಡು ಅಂದೆ. ಸಂಜೆ ಹೊತ್ತಿಗೆ ಅದರ ಮೈಮೇಲೆ ಸಣ್ಣ ಸಣ್ಣ ಚುಕ್ಕೆ ಕಂಡವು. ಓಹೋ ಇಕ್ (ಬಿಳಿ ಚುಕ್ಕೆ ಕಾಯಿಲೆ) ಬಂದಿದೆ, ಇನ್ನೂ ಟೈಮ್ ಇದೆ, ನಾಳೆ ನೋಡೋಣ ಅಂದುಕೊಂಡು ಮಲಗಿದೆ. ಸೋಮವಾರ ಬೆಳಿಗ್ಗೆ ಏಂಜೆಲ್ ಸತ್ತಿತ್ತು. ರಾತ್ರಿಯೊಳಗೆ ಎರಡೂ ಕ್ಲೌನ್ ಹೋದವು.

ಅದು ಇಕ್ ಅಲ್ಲ, ವೆಲ್ವೆಟ್ ಅನ್ನೋ ಬೇರೆ ಕಾಯಿಲೆ. ನನಗೆ ಅಲ್ಲಿಯವರೆಗೆ ಗೊತ್ತಿದ್ದ ಕಾಯಿಲೆ ಒಂದೇ. ಹಾಗಾಗಿ ಬಿಳಿ ಚುಕ್ಕೆ ಕಂಡರೆ ಅದೇ ಅಂದುಕೊಂಡೆ. ಬೆಂಗಳೂರಿನ ಮನೆಯಲ್ಲಿ 300 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟು ಆಗ ಎರಡು ವರ್ಷವಾಗಿತ್ತು. ಆ ಮೂರು ಮೀನು ಹೋದ ಮೇಲೆ ಕಲಿತದ್ದನ್ನೆಲ್ಲಾ ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಟ್ಯಾಂಕ್ ಇಟ್ಟವರು ಇದನ್ನು ಮೀನು ಸಾಯೋ ಮೊದಲೇ ಓದಲಿ ಅನ್ನೋದು ನನ್ನ ಆಸೆ.

ಮೊದಲು ಇಕ್ ಬಗ್ಗೆ ಹೇಳುತ್ತೇನೆ, ಯಾಕಂದ್ರೆ ನಾನು ಮೊದಲು ಮೋಸಹೋದದ್ದು ಅದರಲ್ಲೇ. ಮೊದಲನೇ ವರ್ಷ ಒಂದು ಬ್ಲೂ ಟ್ಯಾಂಗ್ ತಂದಿದ್ದೆ. ನಾಲ್ಕನೇ ದಿನ ಅದರ ರೆಕ್ಕೆ ಮೇಲೆ ಏಳೆಂಟು ಬಿಳಿ ಚುಕ್ಕೆ ಬಂದವು, ಪುಡಿ ಉಪ್ಪು ಉದುರಿಸಿದ ಹಾಗೆ. ಯಾರೋ ಬೆಳ್ಳುಳ್ಳಿ ಹಾಕಿ ಅಂದರು. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಸಿಗಡಿ ಕೊಟ್ಟೆ. ಐದು ದಿನಕ್ಕೆ ಚುಕ್ಕೆ ಮಾಯ! ಎಷ್ಟು ಖುಷಿಯಾಗಿತ್ತು ಅಂದ್ರೆ ನಾಲ್ಕು ಜನಕ್ಕೆ ಫೋನ್ ಮಾಡಿ ಹೇಳಿದ್ದೆ. ಹತ್ತು ದಿನ ಕಳೆದ ಮೇಲೆ ಅದೇ ಟ್ಯಾಂಗ್ ಮೈತುಂಬಾ ಚುಕ್ಕೆ, ಜೊತೆಗೆ ಉಳಿದ ಮೀನುಗಳಿಗೂ.

ನಡೆದದ್ದು ಏನು ಅಂದರೆ, ಇಕ್ ತರುವ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಅನ್ನೋ ಪರೋಪಜೀವಿ ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ಇದ್ದು, ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಉದುರಿ ಕೆಳಗೆ ಬೀಳುತ್ತದೆ, ಅದೂ ಹೆಚ್ಚಾಗಿ ಕತ್ತಲಲ್ಲಿ. ಮರಳಿಗೋ ಕಲ್ಲಿಗೋ ಅಂಟಿಕೊಂಡು ಗಟ್ಟಿ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡು ಒಡೆದು ನೂರಾರು ಮರಿ ಹೊರಗೆ ಬಂದು ಮತ್ತೆ ಮೀನನ್ನು ಹುಡುಕುತ್ತವೆ. ಅಂದರೆ ಚುಕ್ಕೆ ಮಾಯವಾದದ್ದು ವಾಸಿಯಾಗಿ ಅಲ್ಲ. ಹುಳು ಊಟ ಮುಗಿಸಿ ಎದ್ದು ಹೋಗಿತ್ತು ಅಷ್ಟೇ. ಬೆಳ್ಳುಳ್ಳಿ ವಾಸನೆಗೆ ಮೀನು ಊಟಕ್ಕೆ ಬರಬಹುದು, ಆದರೆ ಪರೋಪಜೀವಿ ಸಾಯಲ್ಲ. ಗೂಡಿನೊಳಗೆ ಇರೋದಕ್ಕೆ ಯಾವ ಔಷಧಿಯೂ ತಟ್ಟಲ್ಲ. ಮೀನನ್ನು ಹುಡುಕುತ್ತಾ ನೀರಲ್ಲಿ ಓಡಾಡುವ ಒಂದೆರಡು ದಿನ ಇದೆಯಲ್ಲ, ಔಷಧಿ ಅದನ್ನು ಕೊಲ್ಲೋದು ಆಗ ಮಾತ್ರ.

ವೆಲ್ವೆಟ್ ಬೇರೆಯೇ ಜೀವಿ. ಹೆಸರು ಅಮೈಲೂಡಿನಿಯಂ ಒಸೆಲ್ಲಾಟಮ್. ಒಂದೊಂದು ಗೂಡಿನಿಂದ 256ರವರೆಗೆ ಮರಿ ಹೊರಡುತ್ತವೆ, ಇಡೀ ಸುತ್ತು ವಾರದೊಳಗೆ ಮುಗಿಯುತ್ತದೆ. ಇದು ಮೊದಲು ಹಿಡಿಯೋದು ಕಿವಿರನ್ನು. ಚರ್ಮದ ಮೇಲೆ ಕಾಣುವ ಹೊತ್ತಿಗೆ ಮೀನಿಗೆ ಉಸಿರು ಕಟ್ಟಿರುತ್ತದೆ. ನನ್ನ ಕ್ಲೌನ್ ವೇವ್ ಮೇಕರ್ ಮುಂದೆ ನಿಂತಿದ್ದು ಅದಕ್ಕೇ. ನೀರು ಜೋರಾಗಿ ಬಾಯಿಗೆ ನುಗ್ಗಿದರೆ ಕಿವಿರಿಗೆ ಸ್ವಲ್ಪ ಆಮ್ಲಜನಕ ಜಾಸ್ತಿ ಸಿಗುತ್ತದೆ. ಅದು ಆಟ ಆಡುತ್ತಿರಲಿಲ್ಲ, ಉಸಿರಿಗೆ ಒದ್ದಾಡುತ್ತಿತ್ತು. ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಈಗ ಚುಕ್ಕೆ ಎಣಿಸೋ ಮೊದಲು ಉಸಿರು ಎಣಿಸುತ್ತೇನೆ. ಮೀನು ಸುಮ್ನೆ ಇರುವಾಗ, ಊಟಕ್ಕೆ ಮುಂಚೆ, ಕಿವಿರಿನ ಮುಚ್ಚಳ 15 ಸೆಕೆಂಡಿನಲ್ಲಿ ಎಷ್ಟು ಸಲ ತೆರೆದು ಮುಚ್ಚುತ್ತದೆ ಅಂತ ನೋಡೋದು. ನನ್ನ ಟ್ಯಾಂಗಿಗೆ ಮಾಮೂಲಿ ದಿನ 20ರ ಆಸುಪಾಸು ಬರುತ್ತದೆ. ಪ್ರತಿ ಮೀನಿಗೂ ಬೇರೆ ಬೇರೆ ಇರುತ್ತದೆ, ಆದ್ದರಿಂದ ಚೆನ್ನಾಗಿರುವಾಗಲೇ ಎಣಿಸಿ ಬರೆದಿಟ್ಟುಕೊಳ್ಳಿ. 30 ದಾಟಿದರೆ ನಾನು ಮೊದಲು ಅಮೋನಿಯಾ ಟೆಸ್ಟ್ ಮಾಡುತ್ತೇನೆ, ಉಷ್ಣಾಂಶ ನೋಡುತ್ತೇನೆ, ರಾತ್ರಿ ಕರೆಂಟ್ ಹೋಗಿತ್ತಾ ಅಂತ ಕೇಳುತ್ತೇನೆ. ಸಮುದ್ರದ ನೀರಿನ ಪಿಎಚ್ 8.2ರ ಹತ್ತಿರ ಇರೋದರಿಂದ ಸ್ವಲ್ಪ ಅಮೋನಿಯಾ ಕೂಡ ಸಿಹಿನೀರಿಗಿಂತ ಜಾಸ್ತಿ ವಿಷ. ನೀರು ಸರಿಯಿದ್ದೂ ಉಸಿರು ಏರಿದೆ, ಬೆಳಕಿಗೆ ಹೆದರುತ್ತಿದೆ, ಊಟ ಬಿಟ್ಟಿದೆ ಅಂದರೆ ಚುಕ್ಕೆಗೆ ಕಾಯಲ್ಲ, ವೆಲ್ವೆಟ್ ಅಂತಲೇ ತಿಳಿದು ಕೆಲಸ ಶುರು ಮಾಡುತ್ತೇನೆ. ರೂಮಿನ ಲೈಟ್ ಆರಿಸಿ, ಟಾರ್ಚನ್ನು ಮೀನಿನ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಇಕ್ ಆದರೆ ಬಿಡಿಬಿಡಿಯಾಗಿ ಎಣಿಸಬಹುದಾದ ಉಪ್ಪಿನ ಹರಳು. ವೆಲ್ವೆಟ್ ಆದರೆ ಎಣಿಸಲು ಆಗದಷ್ಟು ನುಣ್ಣಗಿನ ಪುಡಿ, ಅರಿಶಿನ ಕೈ ಸವರಿದ ಹಾಗೆ ಮಂಕು ಚಿನ್ನದ ಬಣ್ಣ.

ಉಳಿದ ಎರಡು ಮೀನು, ಟ್ಯಾಂಗ್ ಮತ್ತು ಒಂದು ಡ್ಯಾಮ್ಸೆಲ್, ಬದುಕಿದ್ದು ಸೋಮವಾರ ರಾತ್ರಿಯೇ ಹೊರಗೆ ತೆಗೆದಿದ್ದರಿಂದ. ಟ್ಯಾಂಕಿನಲ್ಲಿ ಹವಳ, ಸಿಗಡಿ, ಬಸವನಹುಳು ಇದ್ದವು. ಇಕ್, ವೆಲ್ವೆಟ್ ಎರಡಕ್ಕೂ ನಾನು ಹಾಕೋ ಔಷಧಿ ಕಾಪರ್, ಅಂದರೆ ತಾಮ್ರ. ಅದನ್ನು ಅಲ್ಲೇ ಹಾಕಿದರೆ ಅವೆಲ್ಲಾ ಸಾಯುತ್ತವೆ, ಮೇಲಾಗಿ ಲೈವ್ ರಾಕ್ (ಬ್ಯಾಕ್ಟೀರಿಯಾ ಕೂತ ಸಮುದ್ರದ ಕಲ್ಲು) ಮತ್ತು ಮರಳು ಕಾಪರನ್ನು ಹೀರಿಕೊಂಡು ನೀರಲ್ಲಿ ಪ್ರಮಾಣ ನಿಲ್ಲೋದಿಲ್ಲ. ಅದಕ್ಕೆ ಬಟ್ಟೆ ನೆನೆಸುವ ದೊಡ್ಡ ಟಬ್ ತೊಳೆದು, ಹೊಸ ಉಪ್ಪುನೀರು ಕಲಸಿ, ಹೀಟರ್ ಮತ್ತು ಏರ್ ಪಂಪ್ ಇಟ್ಟೆ. ಮೀನು ಹಿಡಿಯಲು ಕಲ್ಲುಗಳನ್ನೆಲ್ಲಾ ಎತ್ತಬೇಕಾಯ್ತು, ರಾತ್ರಿ ಒಂದೂವರೆ ಗಂಟೆ ಆಗಿತ್ತು.

ಕಾಪರ್ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಬಾಟಲಿಯಿಂದ ಬಾಟಲಿಗೆ ಲೆಕ್ಕ ಬೇರೆ. ಕಾಪರ್ ಪವರ್ ಅನ್ನೋ ಔಷಧಿ ಆದರೆ 2.5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಕುಪ್ರಮೈನ್ ಆದರೆ 0.5 ಪಿಪಿಎಂ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಒಂದೋ ಮೀನು ಸಾಯುತ್ತದೆ, ಇಲ್ಲಾ ಕಾಯಿಲೆ ಹೋಗಲ್ಲ. ಇಕ್ ಆದರೆ ನಾನು ಮೂರು ದಿನದಲ್ಲಿ ನಿಧಾನವಾಗಿ ಪೂರ್ತಿ ಪ್ರಮಾಣಕ್ಕೆ ಏರಿಸುತ್ತೇನೆ. ವೆಲ್ವೆಟ್ ಅಷ್ಟು ಟೈಮ್ ಕೊಡಲ್ಲ, ಒಂದು ದಿನದೊಳಗೆ ಏರಿಸಲೇಬೇಕು. ಆಮೇಲೆ 30 ದಿನ ಅದೇ ಅಂಕಿಯಲ್ಲಿ ಹಿಡಿದಿಡಬೇಕು, ಒಂದು ದಿನ ಕೆಳಗೆ ಇಳಿದರೂ ಲೆಕ್ಕ ಮತ್ತೆ ಒಂದರಿಂದ. ನೀರು ಬದಲಿಸಿದಾಗ ಹೊಸ ನೀರಿಗೂ ಅಷ್ಟೇ ಕಾಪರ್ ಸೇರಿಸಬೇಕು. ಬಣ್ಣ ನೋಡಿ ಅಂದಾಜು ಮಾಡುವ ಟೆಸ್ಟ್ ಕಿಟ್ಟಿನಲ್ಲಿ ನನಗೆ ಧೈರ್ಯ ಸಾಲಲಿಲ್ಲ, ಡಿಜಿಟಲ್ ಚೆಕರ್ ತಗೊಂಡೆ. ಈ ಹವ್ಯಾಸದಲ್ಲಿ ನಾನು ಮಾಡಿದ ಖರ್ಚುಗಳಲ್ಲಿ ಒಂದಕ್ಕೂ ಇಷ್ಟು ಬೆಲೆ ಬಂದಿಲ್ಲ. ಇನ್ನೊಂದು, ಅಮೋನಿಯಾ ಏರಿತು ಅಂತ ಅದನ್ನು ತಡೆಯುವ ಕಂಡೀಷನರ್ ಸುರಿಯಬೇಡಿ. ಕೆಲವು ಕಂಡೀಷನರ್ ಕೆಲವು ಕಾಪರ್ ಔಷಧಿಯ ಜೊತೆ ಸೇರಿ ಕಾಪರನ್ನೇ ಇನ್ನೂ ವಿಷ ಮಾಡುತ್ತವೆ. ನೀರು ಬದಲಿಸೋದೇ ಸರಿ. ಆ ಮೊದಲ ವಾರ ದಿನಾ ಅರ್ಧ ಟಬ್ ನೀರು ಬದಲಿಸಿದೆ, ಯಾಕಂದ್ರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೂತ ಫಿಲ್ಟರ್ ಆ ಟಬ್ಬಿನಲ್ಲಿ ಇರಲಿಲ್ಲ.

ಆ ಕಷ್ಟ ಮತ್ತೆ ಬೇಡ ಅಂತ ಈಗ 60 ಲೀಟರಿನ ಕ್ವಾರಂಟೈನ್ ಟ್ಯಾಂಕ್ ಪಕ್ಕದ ರೂಮಿನಲ್ಲಿ ಇಟ್ಟಿದ್ದೇನೆ. ಪಕ್ಕದ ರೂಮು ಯಾಕೆ ಅಂದರೆ, ಏರ್ ಸ್ಟೋನಿನಿಂದ ಹಾರುವ ತುಂತುರಿನಲ್ಲೂ ವೆಲ್ವೆಟ್ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ದಾಟಬಲ್ಲದು. ಬಲೆ, ಮಗ್, ಟವೆಲ್ ಎಲ್ಲಾ ಬೇರೆ. ಒಳಗೆ ಮರಳಿಲ್ಲ, ಕಲ್ಲಿಲ್ಲ, ಅಡಗಿಕೊಳ್ಳಲು ಪಿವಿಸಿ ಪೈಪಿನ ಎಲ್ಬೋ ಮಾತ್ರ. ಸ್ಪಾಂಜ್ ಫಿಲ್ಟರನ್ನು ಮಾಮೂಲಿ ದಿನಗಳಲ್ಲಿ ದೊಡ್ಡ ಟ್ಯಾಂಕಿನ ಸಂಪಿನಲ್ಲೇ (ಅದರ ನೀರು ಸೋಸುವ ಜೋಡಿ ತೊಟ್ಟಿ) ಇಟ್ಟಿರುತ್ತೇನೆ. ಹೊಸ ಮೀನು ತರುವ ದಿನ ಎತ್ತಿ ಈ ಕಡೆ ಇಟ್ಟರೆ ಆಯ್ತು, ಬ್ಯಾಕ್ಟೀರಿಯಾ ಆಗಲೇ ಕೂತಿರುತ್ತದೆ. ಬಳಸಿ ಆದ ಮೇಲೆ ಅದು ಮತ್ತೆ ಸಂಪಿಗೆ ಹೋಗಲ್ಲ, ಕಾಪರ್ ತಾಗಿರುತ್ತದೆ, ಸೀದಾ ಕಸಕ್ಕೆ. ಒಂದು ಬ್ಯಾಟರಿ ಏರ್ ಪಂಪ್ ಕೂಡ ಇಟ್ಟಿದ್ದೇನೆ, ಔಷಧಿ ಹಾಕಿದ ನೀರಿನಲ್ಲಿ ಎರಡು ಗಂಟೆ ಕರೆಂಟ್ ಹೋದರೂ ಕಷ್ಟ.

ಅಂಗಡಿಯಲ್ಲಿ ಚೆನ್ನಾಗಿತ್ತಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಎಷ್ಟೋ ಕಡೆ ಎಲ್ಲಾ ತೊಟ್ಟಿಗಳಿಗೂ ಒಂದೇ ನೀರು ಸುತ್ತುತ್ತಿರುತ್ತದೆ, ಅದರಲ್ಲಿ ಸ್ವಲ್ಪ ಕಾಪರ್ ಇರುತ್ತದೆ ಅಥವಾ ಉಪ್ಪು ಕಡಿಮೆ ಇಟ್ಟಿರುತ್ತಾರೆ. ಕಾಯಿಲೆ ಅಡಗಿರುತ್ತದೆ, ಸತ್ತಿರಲ್ಲ. ನಮ್ಮ ಮನೆಯ ಒಳ್ಳೆ ನೀರಿಗೆ ಬಂದ ಮೇಲೆ ಹೊರಗೆ ಬರುತ್ತದೆ. ಉಪ್ಪು ಇಳಿಸಿಯೇ ಚಿಕಿತ್ಸೆ ಮಾಡಬಹುದಲ್ವಾ ಅನ್ನುವವರಿಗೆ: ಸಾಂದ್ರತೆ 1.009ಕ್ಕೆ ಇಳಿಸಿ ಒಂದು ತಿಂಗಳು ಹಿಡಿದಿಟ್ಟರೆ ಇಕ್ ಹೋಗುತ್ತದೆ, ವೆಲ್ವೆಟ್ ಹೋಗಲ್ಲ.

ಚುಕ್ಕೆಯೇ ಇಲ್ಲದೆ ಬರುವ ಕಾಯಿಲೆಯೂ ಇದೆ. ಕಳೆದ ವರ್ಷ ತಂದ ಒಂದು ಬಟರ್‌ಫ್ಲೈ ಮೀನು ಕ್ವಾರಂಟೈನಿನಲ್ಲಿ ಪೈಪಿಗೆ ಮೈ ಉಜ್ಜುತ್ತಿತ್ತು, ಕಣ್ಣು ಸ್ವಲ್ಪ ಮಂಜು, ಒಂದೇ ಕಡೆಯ ಕಿವಿರಿನಿಂದ ಉಸಿರಾಡುತ್ತಿತ್ತು. ಫ್ಲೂಕ್ ಅನ್ನೋ ಚಪ್ಪಟೆ ಹುಳುವಿನ ಗುಮಾನಿ ಬಂತು. ಒಂದು ಬಿಳಿ ಬಕೆಟಿನಲ್ಲಿ ಆರ್‌ಒ ನೀರು ತಗೊಂಡು, ಹೀಟರಿಂದ ಟ್ಯಾಂಕಿನ ಉಷ್ಣಾಂಶಕ್ಕೇ ತಂದು, ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕಿ ಪಿಎಚ್ 8.2ಕ್ಕೆ ಏರಿಸಿ, ಅರ್ಧ ಗಂಟೆ ಗಾಳಿ ಬಿಟ್ಟೆ. ಮೀನನ್ನು ಅದರೊಳಗೆ ಬಿಟ್ಟು ಮೊಬೈಲಿನಲ್ಲಿ ಐದು ನಿಮಿಷದ ಟೈಮರ್ ಹಾಕಿ ಪಕ್ಕದಲ್ಲೇ ಕೂತೆ. ಮೊದಲ ಅರ್ಧ ನಿಮಿಷ ಅದು ಸುಮ್ಮನೆ ಪಕ್ಕಕ್ಕೆ ವಾಲಿತು, ನನ್ನ ಎದೆ ಡವಡವ. ಎರಡನೇ ನಿಮಿಷಕ್ಕೆ, ಅಲ್ಲಿಯವರೆಗೆ ಏನೂ ಕಾಣದಿದ್ದ ಅದರ ಹೊಟ್ಟೆಯ ಪಕ್ಕದಲ್ಲಿ ಬಿಳಿ ಎಳ್ಳಿನಂಥದ್ದು ಒಂದು ಮೂಡಿತು. ಆಮೇಲೆ ಕಣ್ಣಿನ ಮೇಲೆ ಇನ್ನೊಂದು. ಉಪ್ಪುನೀರಿನಲ್ಲಿ ಗಾಜಿನ ಹಾಗೆ ಪಾರದರ್ಶಕವಾಗಿದ್ದ ಹುಳು ಸಿಹಿನೀರಿಗೆ ಉಬ್ಬಿ ಬೆಳ್ಳಗಾಗುತ್ತಿದ್ದವು. ಐದು ನಿಮಿಷ ಮುಗಿಯೋ ಹೊತ್ತಿಗೆ ಬಕೆಟಿನ ತಳದಲ್ಲಿ ಹನ್ನೊಂದು ಎಣಿಸಿದೆ. ಕಣ್ಣಿನ ಮೇಲಿದ್ದದ್ದು ಕೊನೆಗೂ ಜಾರಿ ಬಿದ್ದಾಗ ಆದ ಸಮಾಧಾನ ಹೇಳಲಾರೆ.

ಆದರೆ ಈ ಸ್ನಾನ ಪೂರ್ತಿ ಔಷಧಿ ಅಲ್ಲ. ಕಿವಿರಿನೊಳಗೆ ಉಳಿದವು ಇರುತ್ತವೆ, ಟ್ಯಾಂಕಿನಲ್ಲಿ ಮೊಟ್ಟೆ ಇರುತ್ತದೆ. ಅದಕ್ಕೆ ಲೀಟರಿಗೆ 2.5 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್ ಹಾಕಿದೆ. ಮೊಟ್ಟೆಗೆ ಅದು ತಾಗಲ್ಲ, ಹಾಗಾಗಿ ಮೊಟ್ಟೆ ಒಡೆದ ಮೇಲೆ ಏಳನೇ ದಿನ ಇನ್ನೊಂದು ಸಲ. ಫ್ಲೂಕಿಗೆ ಕಾಪರ್ ಕೆಲಸಕ್ಕೆ ಬರಲ್ಲ. ಕಾಯಿಲೆ ಯಾವುದು ಅಂತ ತಿಳಿಯದೆ ಕೈಗೆ ಸಿಕ್ಕ ಔಷಧಿ ಹಾಕಬಾರದು ಅನ್ನೋದು ಇದಕ್ಕೇ.

ಕ್ಲೌನ್ ಸಾಕುವವರು ಬ್ರೂಕ್ಲಿನೆಲ್ಲಾ ಅನ್ನೋ ಹೆಸರನ್ನೂ ನೆನಪಿಟ್ಟುಕೊಳ್ಳಿ. ಮೈಯಿಂದ ದಪ್ಪ ಬಿಳಿ ಲೋಳೆ ಪದರ ಪದರವಾಗಿ ಸುಲಿದು ಬರುತ್ತದೆ, ಒಂದೆರಡು ದಿನದಲ್ಲಿ ಸಾವು. ಇದಕ್ಕೂ ಕಾಪರ್ ಉಪಯೋಗಕ್ಕಿಲ್ಲ, ಫಾರ್ಮಲಿನ್ ಬೇಕು. ನಾನು ಒಂದೇ ಸಲ ಮಾಡಿದ್ದೇನೆ: 5 ಲೀಟರ್ ಉಪ್ಪುನೀರಿಗೆ 1 ಮಿಲಿ, ಜೋರು ಗಾಳಿ, 45 ನಿಮಿಷ. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆಗೆದು, ಮಗುವನ್ನು ಹೊರಗೆ ಕಳಿಸಿ ಮಾಡಿದೆ. ಫಾರ್ಮಲಿನ್ ಕ್ಯಾನ್ಸರ್ ತರುವ ವಸ್ತು, ತಳದಲ್ಲಿ ಬಿಳಿ ಗಸಿ ಕಟ್ಟಿದ ಬಾಟಲಿಯನ್ನು ಮುಟ್ಟಲೇಬೇಡಿ. ಸಮುದ್ರದಿಂದ ಹಿಡಿದು ತಂದ ಕ್ಲೌನ್‌ಗಳಲ್ಲೇ ಇದು ಜಾಸ್ತಿ. ಈಗ ನಾನು ಟ್ಯಾಂಕಿನಲ್ಲೇ ಮರಿ ಮಾಡಿಸಿದ ಕ್ಲೌನ್ ಮಾತ್ರ ತರುತ್ತೇನೆ. ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಕ್ಲೌನ್ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ, ನಮ್ಮ ದೇಶದಲ್ಲೇ ಬೆಳೆದ ಮರಿ ಸಿಗುವಾಗ ಸಮುದ್ರದ್ದು ಯಾಕೆ ಬೇಕು?

ರೆಕ್ಕೆ ತುದಿಯಲ್ಲಿ ಹೂಕೋಸಿನ ಚೂರಿನ ಹಾಗೆ ಬಿಳಿ ಗಂಟು ಕಂಡರೆ ಮಾತ್ರ ಗಾಬರಿ ಬೇಡ. ಅದು ಲಿಂಫೋಸಿಸ್ಟಿಸ್, ವೈರಸ್ಸಿನಿಂದ ಬರುತ್ತದೆ, ಅದಕ್ಕೆ ಔಷಧಿ ಇಲ್ಲ. ಒಳ್ಳೆ ಊಟ, ಒಳ್ಳೆ ನೀರು ಕೊಟ್ಟರೆ ತಾನಾಗೇ ಹೋಗುತ್ತದೆ.

ಇನ್ನು ದೊಡ್ಡ ಟ್ಯಾಂಕಿನ ಕಥೆ. ಮೀನು ತೆಗೆದ ಮೇಲೆ ಅದನ್ನು 76 ದಿನ ಮೀನಿಲ್ಲದೆ ಖಾಲಿ ಬಿಟ್ಟೆ. ಹವಳ, ಸಿಗಡಿ ಅಲ್ಲೇ ಇದ್ದವು, ಅವುಗಳ ಮೇಲೆ ಈ ಪರೋಪಜೀವಿ ಬದುಕಲ್ಲ. ಮೀನು ಸಿಗದೆ ಸಾಯಲಿ ಅಂತ ಕಾಯೋದು. ಈ ಟ್ಯಾಂಕಿಗೆ ಮೊದಲು ಇಕ್ ಕೂಡ ಬಂದಿತ್ತಲ್ಲ, ಗೂಡಿನೊಳಗೆ ಇಕ್ ಎರಡು ತಿಂಗಳಿಗೂ ಮೇಲೆ ಇರಬಲ್ಲದು, ಅದಕ್ಕೆ ಅಷ್ಟು ದಿನ. ನೀರನ್ನು 27 ಡಿಗ್ರಿಯಲ್ಲಿ ಇಟ್ಟೆ, ಬೆಚ್ಚಗಿದ್ದಷ್ಟೂ ಗೂಡು ಬೇಗ ಒಡೆಯುತ್ತದೆ. ಮನೆಗೆ ಬಂದವರೆಲ್ಲಾ ಮೀನೆಲ್ಲಿ ಅಂತ ಕೇಳುತ್ತಿದ್ದರು. 40ನೇ ದಿನ ಸಾಕು ಬಿಡು ಅನ್ನಿಸಿತ್ತು ನಿಜ. ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಹೋದೆ.

77ನೇ ದಿನ ಸಂಜೆ ಟ್ಯಾಂಗ್ ಮತ್ತು ಡ್ಯಾಮ್ಸೆಲನ್ನು ವಾಪಸ್ ಬಿಟ್ಟೆ. ಡ್ಯಾಮ್ಸೆಲ್ ಸೀದಾ ತನ್ನ ಹಳೇ ಕಲ್ಲಿನ ಸಂದಿಗೆ ಹೋಯ್ತು. ಟ್ಯಾಂಗ್ ಎರಡು ಸುತ್ತು ಹೊಡೆದು ಗಾಜಿನ ಮುಂದೆ ಬಂದು ನಿಂತಿತು. ನಾನು ವಾಚ್ ನೋಡಿ ಎಣಿಸಿದೆ. 15 ಸೆಕೆಂಡಿಗೆ 21.