ಆರು ವರ್ಷ ಪೀಣ್ಯ, ಆಮೇಲೆ ಎಂಬಿಎ: ನನ್ನ ಲೆಕ್ಕ

'28ಕ್ಕೆ ಮದುವೆ ಆಗೋದು ಬಿಟ್ಟು ಮತ್ತೆ ಬ್ಯಾಗ್ ಹಾಕ್ಕೊಂಡು ಕ್ಲಾಸಿಗೆ ಹೋಗ್ತೀಯಾ' ಎಂದು ನಮ್ಮ ಮಾವ ನಕ್ಕಿದ್ದರು. ಆಫೀಸಿನವರದ್ದು ಇನ್ನೊಂದು ರಾಗ: ಕೆಲಸಕ್ಕೆ ಸೇರಿ ಎರಡು-ಮೂರು ವರ್ಷ ಆದಮೇಲೆ ಎಂಬಿಎಗೆ ಹೋದರೆ ಹೋದೆ, ಇಲ್ಲಾಂದ್ರೆ ಬಸ್ ಮಿಸ್ ಅಂತ. ಈಗ ಎಲ್ಲ ಮುಗಿದು ಕೆಲಸಕ್ಕೂ ಸೇರಿದ್ದೇನೆ, ಅದಕ್ಕೇ ಎಂಬಿಎಗೆ ಮೊದಲು ಎಷ್ಟು ಅನುಭವ ಬೇಕು ಅನ್ನೋದರ ಬಗ್ಗೆ ಧೈರ್ಯವಾಗಿ ಬರೆಯುತ್ತಿದ್ದೇನೆ.

ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್ ಮೊದಲು ಬರೆದದ್ದು 2016ರಲ್ಲಿ, ಮೆಕ್ಯಾನಿಕಲ್ ಕೊನೇ ವರ್ಷದಲ್ಲಿ. 88 ಪರ್ಸೆಂಟೈಲ್, ಅಂದರೆ ಬರೆದವರಲ್ಲಿ ನೂರಕ್ಕೆ 12 ಜನ ನನಗಿಂತ ಮುಂದೆ. ಅದರ ಬಗ್ಗೆ ಮಾತು ಬೇಡ. ಎರಡನೇದು 2018ರಲ್ಲಿ, 97 ಚಿಲ್ಲರೆ ಬಂತು. ಇಂಟರ್‌ವ್ಯೂಗೆ ಹೋಗುವ ಹೊತ್ತಿಗೆ ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ 20 ತಿಂಗಳ ಅನುಭವ. ಸಾಕು ಅಂದುಕೊಂಡಿದ್ದೆ. ಒಬ್ಬ ಪ್ರೊಫೆಸರ್ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಶಾಪಿನ ಬೋರಿಂಗ್ (ಲೋಹ ಕೊರೆಯುವಾಗ ಬೀಳುವ ಚೂರು) ಗುಜರಿಗೆ ಕೆಜಿ ಎಷ್ಟಕ್ಕೆ ಹೋಗುತ್ತೆ? ದಿನಾ ಅದರ ಪಕ್ಕದಲ್ಲೇ ನಿಂತು ಟೀ ಕುಡಿಯುತ್ತಿದ್ದೆ, ರೇಟು ಗೊತ್ತಿರಲಿಲ್ಲ. ಅಲ್ಲಿಗೆ ಮುಗೀತು. 20 ತಿಂಗಳು ಸಂಬಳ ತಗೊಂಡಿದ್ದೆ ಅಷ್ಟೇ.

ವಾಪಸ್ ಬಂದು ಮಾಲೀಕರ ಹತ್ತಿರ ಸ್ಕ್ರ್ಯಾಪ್ ಜವಾಬ್ದಾರಿ ಕೇಳಿ ತಗೊಂಡೆ. ಯಾರಿಗೂ ಬೇಡದ ಕೆಲಸ, ತಕ್ಷಣ ಕೊಟ್ಟರು. ತಿಂಗಳಿಗೆ ಸುಮಾರು 4 ಟನ್ ಬೋರಿಂಗ್. ಎಣ್ಣೆ ಜಾಸ್ತಿ ಇದೆ ಅಂತ ಗುಜರಿಯವನು ತೂಕದಲ್ಲಿ ನೂರಕ್ಕೆ 8 ಹೊಡೆಯುತ್ತಿದ್ದ. ಹಳೇ ಶೀಟಿಗೆ ತೂತು ಹಾಕಿಸಿ, ಓರೆಯಾಗಿ ನಿಲ್ಲಿಸಿ, ಮೇಲೆ ಬೋರಿಂಗ್ ಸುರಿದು, ಎರಡು ದಿನ ಎಣ್ಣೆ ಸೋರಲು ಬಿಟ್ಟೆವು. ಕಡಿತ 3ಕ್ಕೆ ಇಳೀತು, ಎಣ್ಣೆಯೂ ವಾಪಸ್ ಬಂತು. ಹಿತ್ತಾಳೆ ಚೂರು ಕಬ್ಬಿಣದ ಜೊತೆ ಬೆರೆತು ಹೋಗ್ತಿತ್ತು, ಬೇರೆ ಡ್ರಮ್ ಇಟ್ಟೆ. ಎಲ್ಲ ಸೇರಿ ತಿಂಗಳಿಗೆ 35-40 ಸಾವಿರ ಉಳೀತು. ದೊಡ್ಡ ದುಡ್ಡೇನಲ್ಲ. ಆದರೆ ನಿರ್ಧಾರ ನನ್ನದು, ತಪ್ಪಿದ್ದರೆ ಬೈಗುಳವೂ ನನಗೇ. ಅವತ್ತಿಂದ ಒಂದು ಡೈರಿ ಇಟ್ಟೆ, ನಾನೇ ಮಾಡಿದ ತೀರ್ಮಾನ, ಬಂದ ಅಥವಾ ಹೋದ ರೂಪಾಯಿ, ಇಷ್ಟೇ. ಏನೂ ಬರೆಯೋಕಿಲ್ಲದ ತಿಂಗಳನ್ನು ಅನುಭವಕ್ಕೆ ಸೇರಿಸಲಿಲ್ಲ.

ನಡುವೆ ಒಂದು ದಡ್ಡತನ ಮಾಡಿದೆ. ರೆಸ್ಯೂಮೆ ಮಿಂಚಲಿ ಅಂತ 2021ರಲ್ಲಿ ಎಚ್‌ಎಸ್‌ಆರ್ ಲೇಔಟಿನ ಒಂದು ಸ್ಟಾರ್ಟಪ್ ಸೇರಿದೆ. ಹುದ್ದೆಯ ಹೆಸರು ಒಂದೂವರೆ ಸಾಲು. ಆರನೇ ತಿಂಗಳಿಗೆ ಬಾಗಿಲು ಹಾಕಿತು, ಎರಡು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ತಲೆ ತಗ್ಗಿಸಿಕೊಂಡು ಪೀಣ್ಯಕ್ಕೇ ವಾಪಸ್ ಹೋದೆ. ತಮಾಷೆ ಏನಂದ್ರೆ, ಆಮೇಲಿನ ಇಂಟರ್‌ವ್ಯೂನಲ್ಲಿ ಆ ಆರು ತಿಂಗಳ ಬಗ್ಗೆ ಯಾರೂ ಕೇಳಲೇ ಇಲ್ಲ.

ಮೂರನೇ ಸಲ ಕ್ಯಾಟ್ ಬಿಟ್ಟೆ. ಅದರ ಸ್ಕೋರು ಒಂದೇ ವರ್ಷ ನಡೆಯುತ್ತೆ, ಜಿಮ್ಯಾಟ್ ಅನ್ನೋ ಇನ್ನೊಂದು ಎಂಬಿಎ ಪ್ರವೇಶ ಪರೀಕ್ಷೆದು 5 ವರ್ಷ. ಅದನ್ನೇ ಬರೆದೆ. ಆಗ ಒಂದು ಸಲ ಬರೆಯೋಕೆ 20 ಸಾವಿರದ ಆಸುಪಾಸು ಆಗುತ್ತಿತ್ತು. ಆಗಿನ 800ರ ಲೆಕ್ಕದಲ್ಲಿ ಮೊದಲು 640, ಆಮೇಲೆ 710 ಬಂತು. ನನ್ನ ಅನುಭವ ಆಗಲೇ ಐದು ವರ್ಷ ದಾಟಿತ್ತು, ಅನುಭವಿಗಳಿಗಿರುವ ಒಂದು ವರ್ಷದ ಎಂಬಿಎ ಕೋರ್ಸುಗಳ ಬಾಗಿಲು ತೆರೆದಿತ್ತು. ಅಂಥ ಕೋರ್ಸುಗಳಲ್ಲಿ ಐಐಎಂ ಬೆಂಗಳೂರಿನ ಇಪಿಜಿಪಿಗೆ ಕನಿಷ್ಠ 5 ವರ್ಷ ಬೇಕು, ಐಐಎಂ ಅಹಮದಾಬಾದಿನ ಪಿಜಿಪಿಎಕ್ಸ್‌ಗೆ 4. ನನ್ನ ಡೈರಿಯಲ್ಲಿ ಲೆಕ್ಕಕ್ಕೆ ಬಂದದ್ದು ಮೂರು ವರ್ಷ ಮಾತ್ರ, ಅಷ್ಟರಲ್ಲೇ ಕೆಲಸ ಆಯ್ತು. ಯಾವ ಕಾಲೇಜು ಅಂತ ಹೇಳಲ್ಲ. ಮಾಲೀಕರಿಂದ ಹತ್ತೇ ದಿನದಲ್ಲಿ ಒಳ್ಳೇ ಶಿಫಾರಸು ಪತ್ರ ಹೇಗೆ ಬರೆಸಿಕೊಂಡೆ ಅನ್ನೋದನ್ನೂ ಹೇಳಲ್ಲ, ನನ್ನ ತಮ್ಮ ಇನ್ನೂ ಅಪ್ಲೈ ಮಾಡಬೇಕು!

ದುಡ್ಡಿನ ವಿಷಯ. ಫೀಸು, ಹಾಸ್ಟೆಲ್, ಲ್ಯಾಪ್‌ಟಾಪ್ ಸೇರಿ 30 ಲಕ್ಷ ದಾಟಿತು. 25 ಲಕ್ಷ ಸಾಲ, ಉಳಿದದ್ದು ಆರು ವರ್ಷದ ಉಳಿತಾಯ. ಎರಡು ವರ್ಷದ ಕೋರ್ಸಾಗಿದ್ದರೆ ಇನ್ನೊಂದು ವರ್ಷದ 11 ಲಕ್ಷ ಸಂಬಳವೂ ಹೋಗುತ್ತಿತ್ತು, ಇದನ್ನು ಯಾರೂ ಲೆಕ್ಕ ಹಾಕಲ್ಲ. ಈಗ ಸಂಬಳ ವರ್ಷಕ್ಕೆ 24 ಲಕ್ಷದ ಹತ್ತಿರ, ಕಂತು ತಿಂಗಳಿಗೆ 40 ಸಾವಿರ, ಏಳು ವರ್ಷ. ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗಲಿ ಅಂತ ಹಳೇ ತೆರಿಗೆ ಪದ್ಧತಿಯಲ್ಲೇ ಇದ್ದೇನೆ.

ಮಾವ ಈಗ ಅವರ ಮಗನನ್ನು ನನ್ನ ಹತ್ತಿರ ಕಳಿಸಿದ್ದಾರೆ. ಹದಿನಾಲ್ಕು ತಿಂಗಳ ಅನುಭವ, ಸಾಕಾ ಅಂತ ಕೇಳಿದ. ನಿಮ್ಮ ಆಫೀಸಿನ ಕರೆಂಟ್ ಬಿಲ್ ಎಷ್ಟು ಬರುತ್ತೆ ಅಂದೆ. ಸುಮ್ನೆ ಮೊಬೈಲ್ ನೋಡುತ್ತಾ ಕೂತ.