ಹಳೆ ಕಂಪ್ಯೂಟರಿಗೆ ಲಿನಕ್ಸ್: ಮೊದಲು ಕಡತ, ಆಮೇಲೆ ಇನ್‌ಸ್ಟಾಲ್

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಹಳತಾಯಿತು ಎಂಬ ತಕರಾರು. ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್.ಪಿ. ರೋಡಿಗೆ ಹೋಗಿ ಹೊಸ ಮೆಷಿನ್ ತರುವ ಮುಂಚೆ, ಅಲ್ಲೇ ಸಿಗುವ 8 ಜಿಬಿಯ ಪೆನ್‌ಡ್ರೈವ್ ಒಂದನ್ನು ತಂದು ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ ಲಿನಕ್ಸ್ ಮಿಂಟ್ ನೋಡಿ. 4 ಜಿಬಿ ರ್‍ಯಾಮ್ ಇದ್ದರೆ ಧಾರಾಳ.

ಪೆನ್‌ಡ್ರೈವ್ ಸದ್ಯ ಪಕ್ಕಕ್ಕಿರಲಿ. ಒಂದೆರಡು ವಾರ ವಿಂಡೋಸಿನಲ್ಲೇ ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ ಬಳಸಿ. ಲಿನಕ್ಸಿನಲ್ಲಿಯೂ ಇವೇ ಸಿಗುತ್ತವೆ, ಕೈ ಪಳಗಿರುತ್ತದೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಮಾತ್ರ ವಿಂಡೋಸ್ ಅಳಿಸುವ ಸಾಹಸಕ್ಕೆ ಕೈ ಹಾಕಬೇಡಿ, ಅದು ಲಿನಕ್ಸಿನಲ್ಲಿ ನೇರವಾಗಿ ಓಡುವುದಿಲ್ಲ.

ಕನ್ನಡಿಗರಿಗೆ ನಿಜವಾದ ತೊಡಕು ಬೇರೆಯೇ ಇದೆ. ನಮ್ಮ ಮಾವನವರ ಕಂಪ್ಯೂಟರಿಗೆ ಮಿಂಟ್ ಹಾಕಿಕೊಟ್ಟ ದಿನ ಅವರು ಕೇಳಿದ್ದು ಒಂದೇ: "ಅಲ್ಲಾ ಅಳಿಯಂದ್ರೇ, ನನ್ನ ನುಡಿ ಎಲ್ಲಿ ಹೋಯ್ತು?" ದೇವಸ್ಥಾನದ ಸಮಿತಿಯ ವರ್ಷಗಟ್ಟಲೆಯ ನಡಾವಳಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳಲ್ಲಿ ಇರುವುದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಆ ತಂತ್ರಾಂಶದ ಫಾಂಟ್ ಇದ್ದರಷ್ಟೇ ಅವು ಕನ್ನಡವಾಗಿ ಕಾಣುತ್ತವೆ. ಆದ್ದರಿಂದ ವಿಂಡೋಸ್ ಇರುವಾಗಲೇ ಪರಿವರ್ತಕ ಬಳಸಿ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯೇ ಎಂದು ಕಣ್ಣಾಡಿಸಿ. ನಾನು ಇದನ್ನು ಕೊನೆಗೆ ಮಾಡಲು ಹೋಗಿ ಒಂದು ಭಾನುವಾರ ಪೂರ್ತಿ ಕಳೆದುಕೊಂಡೆ.

ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ.

ಈಗ ಪೆನ್‌ಡ್ರೈವ್. ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಕಡತ) ಇಳಿಸಿಕೊಂಡು ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದ ಮೂಲಕ ಅದಕ್ಕೆ ಬರೆಯಿರಿ; ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ. ಕಂಪ್ಯೂಟರ್ ಶುರುವಾಗುವಾಗ ಎಫ್12 ಒತ್ತಿ (ಕೆಲವು ಕಂಪನಿಯವಕ್ಕೆ ಎಫ್9 ಅಥವಾ ಎಸ್ಕೇಪ್) ಪೆನ್‌ಡ್ರೈವ್ ಆರಿಸಿ. ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ವೈಫೈ, ಸ್ಪೀಕರ್, ಪ್ರಿಂಟರ್ ಮೂರನ್ನೂ ಇಲ್ಲೇ ಪರೀಕ್ಷಿಸಿ. ತುಸು ನಿಧಾನ ಅನ್ನಿಸಿದರೆ ಅದು ಪೆನ್‌ಡ್ರೈವಿನ ವೇಗ, ಲಿನಕ್ಸಿನದಲ್ಲ.

ಒಪ್ಪಿಗೆಯಾದರೆ ಇನ್‌ಸ್ಟಾಲ್ ಒತ್ತಿ. ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿರಲಿ. ನಮ್ಮೂರಿನ ಕರೆಂಟನ್ನು ನಂಬಿ ಕೂರುವಂತಿಲ್ಲ. ವಿಂಡೋಸ್ ಪಕ್ಕದಲ್ಲೇ ಉಳಿಸಿಕೊಳ್ಳುವವರು ಅದರ ಫಾಸ್ಟ್ ಸ್ಟಾರ್ಟಪ್ ಸೆಟ್ಟಿಂಗನ್ನು ಮೊದಲೇ ಆಫ್ ಮಾಡಿ. ಇಲ್ಲದಿದ್ದರೆ ಆ ಡ್ರೈವಿನ ಕಡತಗಳನ್ನು ಲಿನಕ್ಸಿನಿಂದ ಓದಬಹುದು, ತಿದ್ದಲಾಗದು.

ಟೈಪಿಂಗಿಗೆ ಐಬಸ್ ಮತ್ತು ಎಂ17ಎನ್ ಎಂಬ ಕೀಲಿಮಣೆ ತಂತ್ರಾಂಶಗಳನ್ನು ಹಾಕಿ ಕನ್ನಡದಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಆರಿಸಿ. ಇದು ನುಡಿಯ ವಿನ್ಯಾಸವೇ; ಒತ್ತಿಗೆ ಎಫ್ ಒತ್ತುವ ಬೆರಳಿಗೆ ಹೊಸ ಪಾಠವಿಲ್ಲ.

ಬಿಡಬೇಕಾದ ಚಾಳಿಯೊಂದಿದೆ. ಏನೇ ಬೇಕೆಂದರೂ ಗೂಗಲಿಸಿ ವಿಂಡೋಸಿನ ಇಎಕ್ಸ್‌ಇ ಕಡತ ಇಳಿಸುವುದು. ಇಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಹುಡುಕಿ, ಫೋನಿನಲ್ಲಿ ಆ್ಯಪ್ ಹಾಕಿದ ಹಾಗೆ. ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್‌ನಲ್ಲಿ ವ್ಯವಸ್ಥೆಯ ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ನಕಲು) ತೆಗೆದಿಟ್ಟರೆ, ಸೆಟ್ಟಿಂಗ್ ಕೆಡಿಸಿಕೊಂಡಾಗ ಹಿಂದಿನ ಸ್ಥಿತಿಗೆ ಮರಳಬಹುದು.

ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಒಂದು ದಿನ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಂತೆ ಕಾಣಬಹುದು. ಬ್ಯಾಟರಿ ಸತ್ತಿದೆಯೆಂದು ಬಿಚ್ಚಲು ಹೋಗಬೇಡಿ. ಲಿನಕ್ಸ್ ಒಳಗಡಿಯಾರವನ್ನು ಗ್ರೀನಿಚ್ ಲೆಕ್ಕದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಬೆಂಗಳೂರಿನ ಸಮಯವೆಂದು ಓದುತ್ತದೆ, ಅಷ್ಟೇ.