ಹಿನ್ನೀರಿನಿಂದ ಕಡಲಿಗೆ: ಹಾಯಿದೋಣಿ ರೇಸಿನಲ್ಲಿ ನನ್ನ ಅನುಭವ

ಮಂಡ್ಯ ಸೀಮೆಯವರಿಗೆ ಕನ್ನಂಬಾಡಿ ಕಟ್ಟೆಯೆಂದರೆ ನಾಲೆ, ಗದ್ದೆ ಮತ್ತು ಬೃಂದಾವನ. ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ನೀರಿನ ಮಟ್ಟ 124.80 ಅಡಿ ಮುಟ್ಟಿತೇ ಎಂದು ಮೊದಲು ನೋಡುತ್ತೇವೆ. ಅದೇ ನೀರಿನ ಮೇಲೆ ಬೀಸುವ ಗಾಳಿಯ ಲೆಕ್ಕವನ್ನು ಮಾತ್ರ ಯಾರೂ ಇಡುವುದಿಲ್ಲ. ನನ್ನ ಕ್ರೀಡೆಯೂ ಸಂಪಾದನೆಯೂ ನಡೆದಿರುವುದು ಆ ಲೆಕ್ಕದ ಮೇಲೆ. ಒಬ್ಬರೇ ನಡೆಸುವ ಇಲ್ಕಾ 6 ವರ್ಗದ ಹಾಯಿದೋಣಿಯಲ್ಲಿ ನಾನು ರಾಷ್ಟ್ರಮಟ್ಟದ ರೆಗಟ್ಟಾಗಳಲ್ಲಿ, ಅಂದರೆ ದೋಣಿ ಸ್ಪರ್ಧಾಕೂಟಗಳಲ್ಲಿ, ಸ್ಪರ್ಧಿಸುತ್ತೇನೆ. ಸ್ಪರ್ಧೆಯಿಲ್ಲದ ತಿಂಗಳುಗಳಲ್ಲಿ ಮಕ್ಕಳಿಗೆ ಸೇಲಿಂಗ್ ಕಲಿಸುತ್ತೇನೆ.

ಈ ದೋಣಿಯನ್ನು ಹಿಂದೆ ಲೇಸರ್ ರೇಡಿಯಲ್ ಎಂದು ಕರೆಯುತ್ತಿದ್ದರು. ಉದ್ದ ಸುಮಾರು 4.2 ಮೀಟರ್, ಒಡಲಿನ ತೂಕ ಸುಮಾರು 59 ಕಿಲೋ, ಇರುವ ಒಂದೇ ಹಾಯಿಯ ವಿಸ್ತೀರ್ಣ 5.76 ಚದರ ಮೀಟರ್. ಎಲ್ಲರ ದೋಣಿಯೂ ಒಂದೇ ಅಳತೆಯದಾಗಿರಬೇಕೆಂಬ ನಿಯಮವಿರುವುದರಿಂದ ಸೋತಾಗ ದೋಣಿಯನ್ನು ದೂರುವ ಅವಕಾಶ ಹೆಚ್ಚು ಉಳಿಯುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಿಂದ ಇದು ಮಹಿಳೆಯರ ಒಲಿಂಪಿಕ್ ವರ್ಗವೂ ಹೌದು. ಚೆನ್ನೈನ ನೇತ್ರಾ ಕುಮನನ್ ಇದೇ ವರ್ಗದಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದು, ಸೇಲಿಂಗ್‌ನಲ್ಲಿ ಹಾಗೆ ಅರ್ಹರಾದ ಭಾರತದ ಮೊದಲ ಮಹಿಳೆಯಾದರು. ಅದಾದ ಮೇಲೆ ನಮ್ಮ ಮನೆಯಲ್ಲಿ ನನ್ನ ಆಟದ ಬಗ್ಗೆ ವಿವರಣೆ ಕೊಡುವ ಕಷ್ಟ ಅರ್ಧದಷ್ಟು ಕಡಿಮೆಯಾಯಿತು.

ಹಿನ್ನೀರಿನಲ್ಲಿ ಹರಿಗೋಲು ಹಾಕಿಕೊಂಡು ಮೀನು ಹಿಡಿಯುವ ಹಿರಿಯರೊಬ್ಬರು ಒಮ್ಮೆ, “ಏನವ್ವಾ, ಗಾಳಿ ಆ ಕಡೆಯಿಂದ ಬತ್ತಾ ಅದೆ, ನಿನ್ ದೋಣಿನೂ ಆ ಕಡೆಗೇ ಹೋಯ್ತಾ ಅದೆ, ಹೆಂಗೆ?” ಎಂದು ಕೇಳಿದ್ದರು. ಈ ಕ್ರೀಡೆಯ ತಿರುಳೇ ಆ ಪ್ರಶ್ನೆಯಲ್ಲಿದೆ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಸಾಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಂದು ಬದಿಗೆ ಹೋಗಿ, ಅಲ್ಲಿಂದ ತಿರುಗಿ ಇನ್ನೊಂದು ಬದಿಗೆ ಅಷ್ಟೇ ಓರೆಯಾಗಿ ಬಂದು, ಚಾಮುಂಡಿ ಬೆಟ್ಟದ ರಸ್ತೆಯಂತೆ ಸುತ್ತಿಕೊಂಡೇ ಮೇಲೇರಬೇಕು. ನೀರಿನೊಳಗೆ ಸುಮಾರು 80 ಸೆಂಟಿಮೀಟರ್ ಇಳಿದಿರುವ ಡ್ಯಾಗರ್‌ಬೋರ್ಡ್ ಎಂಬ ಹಲಗೆಯು ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದರಿಂದ, ಹಾಯಿಯ ಮೇಲೆ ಬಿದ್ದ ಬಲವು ಮುನ್ನಡೆಯಾಗಿ ಮಾರ್ಪಡುತ್ತದೆ. ಯಾವ ಬದಿಗೆ ಎಷ್ಟು ಹೊತ್ತು ಹೋಗಬೇಕು, ಎಲ್ಲಿ ತಿರುಗಬೇಕು ಎಂಬ ತೀರ್ಮಾನದಲ್ಲಿಯೇ ರೇಸಿನ ಬಹುಪಾಲು ಮುಗಿದುಹೋಗುತ್ತದೆ.

ಆ ತೀರ್ಮಾನವನ್ನು ನನಗೆ ಕಲಿಸಿದ್ದು ಆಷಾಢದ ಗಾಳಿ. ನೈಋತ್ಯ ಮುಂಗಾರು ಬಲಗೊಂಡ ತಿಂಗಳುಗಳಲ್ಲಿ ಪಶ್ಚಿಮದ ಕಡೆಯಿಂದ ಬರುವ ಈ ಗಾಳಿ ಕಡಲ ಗಾಳಿಯಂತೆ ಒಂದೇ ಹದದಲ್ಲಿ ಬೀಸುವುದಿಲ್ಲ. ದಂಡೆಯ ದಿಣ್ಣೆ, ತೆಂಗಿನ ತೋಟ, ಹಿನ್ನೀರು ಒಳನಾಡಿಗೆ ಚಾಚಿದ ಕವಲುಗಳು ಇವೆಲ್ಲವನ್ನೂ ದಾಟಿ ಬರುವಷ್ಟರಲ್ಲಿ ಅದು ತುಂಡುತುಂಡಾಗಿ, ಪ್ರತಿ ತುಂಡೂ ಬೇರೆ ದಿಕ್ಕಿನಿಂದ ಬರುತ್ತದೆ. ಬಿರುಸು ಗಾಳಿ ಬರುವ ಮುನ್ನ ನೀರಿನ ಮೇಲೆ ಕಪ್ಪಗೆ ಒತ್ತೊತ್ತಾದ ಸಣ್ಣ ಅಲೆಗಳ ಪಟ್ಟಿಯೊಂದು ಓಡಿಬರುವುದು ಕಾಣುತ್ತದೆ. ಆ ಪಟ್ಟಿ ದೋಣಿಯನ್ನು ಮುಟ್ಟುವ ಮೊದಲೇ ಪಾದಗಳನ್ನು ದೋಣಿಯೊಳಗೆ ಕಟ್ಟಿರುವ ಬೆಲ್ಟಿನಡಿ ಸಿಕ್ಕಿಸಿ ಮೈಯನ್ನು ಹೊರಗೆ ಚಾಚಬೇಕು. ಮುಟ್ಟಿದ ಮೇಲೆ ಚಾಚಿದರೆ ದೋಣಿ ವಾಲಿ ಪಕ್ಕಕ್ಕೆ ಸರಿದಿರುತ್ತದೆ, ವೇಗವೂ ಸತ್ತಿರುತ್ತದೆ. ಹಾಗೆಯೇ ದಂಡೆಯ ತೆಂಗಿನ ಗರಿಗಳು ಯಾವ ಕಡೆಗೆ ತಿರುಗಿವೆ, ಹೊಲದಲ್ಲಿ ಸುಡುತ್ತಿರುವ ಕಬ್ಬಿನ ತರಗಿನ ಹೊಗೆ ಎತ್ತ ಬಾಗಿದೆ ಎಂಬುದನ್ನು ನೋಡುತ್ತಿರುವುದು ನನಗೆ ಈಗಲೂ ಬಿಡದ ಅಭ್ಯಾಸ.

ಕಣ್ಣಿನ ಅಂದಾಜಿಗೆ ದಿಕ್ಸೂಚಿಯ ಅಂಕಿಯ ಆಸರೆ ಬೇಕು. ಗಾಳಿ 240 ಡಿಗ್ರಿಯಿಂದ ಬರುತ್ತಿದೆ ಎಂದುಕೊಳ್ಳಿ. ಗಾಳಿಯನ್ನು ಬಲಮಗ್ಗುಲಿಗೆ ಪಡೆದು ಸಾಗುವ ಸ್ಟಾರ್‌ಬೋರ್ಡ್ ಟ್ಯಾಕಿನಲ್ಲಿ ನನ್ನ ದೋಣಿಯ ಮೂತಿ 195ರ ಆಸುಪಾಸಿನಲ್ಲಿರುತ್ತದೆ. ಅದು 185ಕ್ಕೆ ಇಳಿದರೆ ಗಾಳಿ ನನ್ನನ್ನು ಗುರಿಯಿಂದ, ಅಂದರೆ ಗಾಳಿ ಬರುವ ದಿಕ್ಕಿನಲ್ಲಿ ನೀರಿನ ಮೇಲೆ ತೇಲಿಬಿಟ್ಟಿರುವ ಗುರುತಿನಿಂದ, ದೂರಕ್ಕೆ ತಳ್ಳುತ್ತಿದೆಯೆಂದು ಅರ್ಥ. ಆಗ ಕೂಡಲೇ ತಿರುಗಿಸಿದರೆ, ಇನ್ನೊಂದು ಮಗ್ಗುಲಲ್ಲಿ ಅದೇ ಗಾಳಿ ನನ್ನನ್ನು ಗುರಿಯ ಹತ್ತಿರಕ್ಕೆ ಒಯ್ಯುತ್ತದೆ. ಇದು ಸಣ್ಣ ಲಾಭವೇನಲ್ಲ. ಅಡ್ಡಲಾಗಿ 100 ಮೀಟರ್ ಅಂತರದಲ್ಲಿರುವ ಎರಡು ದೋಣಿಗಳ ನಡುವೆ, ಗಾಳಿ 10 ಡಿಗ್ರಿ ತಿರುಗಿದ ಮಾತ್ರಕ್ಕೆ ಸುಮಾರು 25 ಮೀಟರಿನ, ಅಂದರೆ ಆರು ದೋಣಿ ಉದ್ದದ ವ್ಯತ್ಯಾಸ ಉಂಟಾಗುತ್ತದೆ. ಬರೀ ತೋಳ್ಬಲದಿಂದ ಅಷ್ಟು ದೂರ ಗಳಿಸಲು ಇಡೀ ಒಂದು ಸುತ್ತು ಸಾಲದು.

ಸ್ಪರ್ಧೆಯಲ್ಲಿ ನನಗೆ ಎಲ್ಲಕ್ಕಿಂತ ಕಠಿಣವೆನಿಸುವುದು ಆರಂಭ. ಓಟದ ಪಂದ್ಯದಂತೆ ಇಲ್ಲಿ ಯಾರೂ ಗೆರೆಯ ಮೇಲೆ ನಿಂತು ಕಾಯಲಾಗದು, ಏಕೆಂದರೆ ನೀರಿನ ಮೇಲೆ ದೋಣಿಗೆ ಬ್ರೇಕಿಲ್ಲ. ಐದು ನಿಮಿಷವಿರುವಾಗ ವರ್ಗದ ಬಾವುಟ ಏರುತ್ತದೆ, ನಾಲ್ಕಕ್ಕೆ ಸಿದ್ಧತೆಯ ಬಾವುಟ. ಒಂದು ನಿಮಿಷ ಉಳಿದಾಗ ಸಿದ್ಧತೆಯದು ಇಳಿಯುತ್ತದೆ, ವರ್ಗದ ಬಾವುಟ ಇಳಿದರೆ ರೇಸ್ ಶುರು. ಆ ಕೊನೆಯ ನಿಮಿಷದಲ್ಲಿ ಹಾಯಿಯನ್ನು ಸಡಿಲಬಿಟ್ಟು ಪಟಪಟಿಸಲು ಬಿಡುತ್ತೇನೆ. ಮೂತಿಯನ್ನು ಗಾಳಿಯತ್ತ ಹಿಡಿದು ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುತ್ತ, ನನ್ನ ಕೆಳಗಾಳಿಯ ಬದಿಯಲ್ಲಿ, ಅಂದರೆ ಗಾಳಿ ಬೀಸಿ ಹೋಗುವ ಬದಿಯಲ್ಲಿ, ಒಂದು ದೋಣಿ ಹಿಡಿಸುವಷ್ಟು ಜಾಗವನ್ನು ಕಾಯ್ದುಕೊಳ್ಳುತ್ತೇನೆ. ಬೇರೆಯವರು ಆ ಜಾಗಕ್ಕೆ ನುಗ್ಗದಂತೆ ನೋಡಿಕೊಳ್ಳುವುದೇ ಒಂದು ಜಗಳ. ಕೊನೆಯ ಕೆಲವು ಸೆಕೆಂಡುಗಳಲ್ಲಿ ಮೂತಿಯನ್ನು ಆ ಖಾಲಿ ಜಾಗದ ಕಡೆಗೆ ಬಾಗಿಸಿ, ಮೇನ್‌ಶೀಟ್ ಹಗ್ಗವನ್ನು ಹಾಯಿ ಬಿಗಿಯಾಗುವಂತೆ ಒಂದೇ ಉಸಿರಿಗೆ ಎಳೆದರೆ ದೋಣಿ ವೇಗದೊಂದಿಗೆ ಗೆರೆ ದಾಟುತ್ತದೆ. ಸಂಕೇತಕ್ಕೆ ಮೊದಲೇ ದಾಟಿ, ಹಿಂದಿರುಗಿ ಬರದಿದ್ದವರಿಗೆ ಸ್ಪರ್ಧಿಗಳ ಸಂಖ್ಯೆಗಿಂತ ಒಂದು ಹೆಚ್ಚು ಅಂಕ. ಮೂವತ್ತು ದೋಣಿಗಳಿದ್ದರೆ 31.

ಅಂಕ ಹೆಚ್ಚಾದರೆ ಶಿಕ್ಷೆ ಹೇಗೆ ಎಂದು ಹೊಸಬರು ಕೇಳುತ್ತಾರೆ. ಮೊದಲ ಸ್ಥಾನಕ್ಕೆ 1 ಅಂಕ, ಎರಡನೆಯದಕ್ಕೆ 2, ಹೀಗೆ ಸಾಗಿ ಕಡಿಮೆ ಮೊತ್ತವಿದ್ದವರು ಗೆಲ್ಲುವ ಪದ್ಧತಿ ಇದು. ಸಾಮಾನ್ಯವಾಗಿ ಅತ್ಯಂತ ಕೆಟ್ಟ ರೇಸೊಂದನ್ನು ಮೊತ್ತದಿಂದ ಕಳೆಯುತ್ತಾರೆ. ಆರು ರೇಸುಗಳಲ್ಲಿ ಒಬ್ಬರು 1, 1, 14, 2, 17, 3ನೇ ಸ್ಥಾನ ಪಡೆದರೆ 17ನ್ನು ಕಳೆದು ಅವರ ಮೊತ್ತ 21. ಒಂದೂ ರೇಸ್ ಗೆಲ್ಲದೆ 4, 5, 3, 4, 6, 4ನೇ ಸ್ಥಾನ ಪಡೆದವರದು 20, ಪದಕ ಇವರಿಗೆ. ನಾನು ಆಡುವುದು ಈ ಎರಡನೆಯ ಬಗೆಯ ಆಟ. ಇಡೀ ಗುಂಪು ಎಡಕ್ಕೆ ಹೊರಟಾಗ ಬಲಕ್ಕೆ ಒಬ್ಬಳೇ ಹೋಗಿ ಗೆದ್ದರೆ ಚಪ್ಪಾಳೆ ಸಿಗುತ್ತದೆ ನಿಜ, ಆದರೆ ಹಾಗೆ ಹೋದವರು ಮರುದಿನ ಹದಿನೇಳನೆಯವರಾಗಿ ಬರುವುದನ್ನು ಬೇಕಾದಷ್ಟು ನೋಡಿದ್ದೇನೆ. ಗುಂಪಿಗೂ ಗುರಿಗೂ ನಡುವೆ ಇದ್ದುಕೊಂಡು ಗಾಳಿಯ ಪ್ರತಿ ತಿರುವಿಗೂ ಒಂದೆರಡು ಸ್ಥಾನ ಮೇಲೇರುವುದು ನೋಡುವವರಿಗೆ ಬೇಸರದ ಆಟ. ನನ್ನ ಪದಕಗಳೆಲ್ಲ ಬಂದಿರುವುದು ಅದರಿಂದಲೇ.

ಹೈದರಾಬಾದಿನ ಹುಸೇನ್ ಸಾಗರದಲ್ಲಿ ನನಗೆ ಪರಕೀಯ ಭಾವ ಬರಲಿಲ್ಲ. ಕಟ್ಟಡಗಳ ಸಂದಿಯಿಂದ ನುಸುಳಿ ಬರುವ ಅಲ್ಲಿನ ಗಾಳಿಯೂ ನಮ್ಮ ಹಿನ್ನೀರಿನದರಷ್ಟೇ ತುಂಟ. ಕಡಲು ಮಾತ್ರ ಬೇರೆಯೇ ಶಾಲೆ. ಕೆರೆಯಲ್ಲಿ ಕಲಿತವರಿಗೆ ಗಾಳಿ ಗೊತ್ತು, ಅಲೆ ಗೊತ್ತಿಲ್ಲ. ಚೆನ್ನೈನಲ್ಲಿ ಬಂಗಾಳ ಕೊಲ್ಲಿಯ ಉಬ್ಬಲೆ ಎದುರಾದಾಗ ಮೂತಿಯನ್ನು ತುಸು ಗಾಳಿಯತ್ತ ಎತ್ತಿ ಏರಬೇಕು, ನೆತ್ತಿ ದಾಟಿದೊಡನೆ ಕೆಳಕ್ಕೆ ಬಾಗಿಸಿ ಇಳಿಯಬೇಕು. ಚುಕ್ಕಾಣಿಯ ಕೈಯೂ ಸೊಂಟವೂ ಪ್ರತಿ ಅಲೆಗೂ ಒಟ್ಟಿಗೆ ದುಡಿಯಬೇಕು. ಮುಂಬೈ ಬಂದರಿನಲ್ಲಿ ಉಬ್ಬರವಿಳಿತದ ಸೆಳೆತ ಇನ್ನೊಂದು ಪಾಠ: ಪ್ರವಾಹ ಎದುರಾಗಿದ್ದರೆ, ಅದರ ಸೆಳೆತ ಕಡಿಮೆಯಿರುವ ಆಳವಿಲ್ಲದ ಕಡೆಗೆ ಸರಿಯುವುದೇ ಲೇಸು. ಹಾಗಾಗಿ ವರ್ಷದ ಒಂದು ಭಾಗವನ್ನು ಕಡಲ ಊರುಗಳಲ್ಲಿ ಬಾಡಿಗೆ ಕೋಣೆ ಹಿಡಿದು ಕಳೆಯುವುದು ಅನಿವಾರ್ಯವಾಗಿದೆ.

ನೀರಿನ ಮೇಲೆ ಅಂಪೈರ್ ಹಿಂದೆಯೇ ಬರುವುದಿಲ್ಲ. ಗಾಳಿಯನ್ನು ಎಡಮಗ್ಗುಲಿಗೆ ಪಡೆದು ಪೋರ್ಟ್ ಟ್ಯಾಕಿನಲ್ಲಿರುವ ದೋಣಿ ಸ್ಟಾರ್‌ಬೋರ್ಡಿನದಕ್ಕೆ ದಾರಿ ಬಿಡಬೇಕು. ಬಿಡದಿದ್ದವರು ತಾವಾಗಿಯೇ ಎರಡು ಸುತ್ತು ತಿರುಗಿ ದಂಡ ತೀರಿಸಬೇಕು, ಇಲ್ಲವಾದರೆ ಸಂಜೆ ಸಮಿತಿಯ ಮುಂದೆ ವಾದ ಮಾಡಬೇಕು. ಸುತ್ತು ತಿರುಗಿದರೆ ಕೆಲವು ಸ್ಥಾನಗಳು ಹೋಗುತ್ತವೆ, ವಾದದಲ್ಲಿ ಸೋತರೆ ಇಡೀ ರೇಸ್ ಹೋಗುತ್ತದೆ. ನನ್ನ ಮಟ್ಟಿಗೆ ಅನುಮಾನವಿದ್ದರೆ ಸುತ್ತುವುದೇ ಲಾಭ.

ಹಣದ ವಿಷಯವನ್ನು ಮುಚ್ಚಿಡಬೇಕಿಲ್ಲ. ನಮ್ಮ ದೇಶದಲ್ಲಿ ಈ ಆಟದ ಬೆನ್ನೆಲುಬು ಸೇನೆ ಮತ್ತು ನೌಕಾಪಡೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಇಲ್ಕಾ 7 ವರ್ಗದ ಕಂಚು ಗೆದ್ದ ವಿಷ್ಣು ಸರವಣನ್ ಕೂಡ ಸೇನೆಯವರೇ. ಹೊರಗಿನಿಂದ ಬಂದವರಿಗೆ ಹಾಯಿ, ಹಗ್ಗ, ಪ್ರಯಾಣ, ವಿದೇಶದಲ್ಲಿ ದೋಣಿ ಬಾಡಿಗೆ ಎಲ್ಲವೂ ಸ್ವಂತ ಖರ್ಚು. ಹಾಯಿಯ ಬಟ್ಟೆ ಬಳಸುತ್ತ ಬಳಸುತ್ತ ಆಕಾರ ಕಳೆದುಕೊಳ್ಳುವುದರಿಂದ ಅಭ್ಯಾಸಕ್ಕೆ ಹಳೆಯದನ್ನೇ ಸವೆಸಿ, ಹೊಸದನ್ನು ಮುಖ್ಯ ರೆಗಟ್ಟಾಗಳಿಗೆಂದು ಸುತ್ತಿಡುತ್ತೇನೆ.

ಕಲಿಯಲು ಬರುವ ಮಕ್ಕಳಿಗೆ ನಾನು ಮೊದಲು ಚುಕ್ಕಾಣಿ ಕೊಡುವುದಿಲ್ಲ. ಈಜು ಬರುತ್ತದೆಯೇ ಎಂದು ನೋಡಿದ ಮೇಲೆ, ಲೈಫ್ ಜಾಕೆಟ್ ತೊಡಿಸಿ ದಂಡೆಯಲ್ಲಿ ಕೂರಿಸಿ, ಮುಂದಿನ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೈ ತೋರಿಸಲು ಹೇಳುತ್ತೇನೆ. ಆಮೇಲೆ 2.3 ಮೀಟರ್ ಉದ್ದದ ಆಪ್ಟಿಮಿಸ್ಟ್ ದೋಣಿ. ಹದಿನೈದು ವರ್ಷದವರೆಗೂ ಆ ವರ್ಗದಲ್ಲಿ ಸ್ಪರ್ಧಿಸಬಹುದು. ತಂದೆ ತಾಯಂದಿರು ಕೇಳುವುದು ಮಾತ್ರ ಕೆಲಸದ ವಿಷಯ. ಪಡೆಗಳ ಕ್ರೀಡಾ ಕೋಟಾ ಇದೆ, ತರಬೇತಿದಾರರ ಕೆಲಸವಿದೆ, ಎರಡೂ ಕಡಿಮೆ ಸಂಖ್ಯೆಯಲ್ಲಿವೆ. ಆದ್ದರಿಂದ ಓದು ಬಿಡಿಸಬೇಡಿ ಎಂದೇ ಅವರಿಗೆ ಹೇಳುತ್ತೇನೆ.